ಚಿಂಪಾಂಜಿಯ ಕೂಗಿಗೆ ಅರ್ಥ ಹಚ್ಚುವುದು ಹೇಗೆ? ತೋಟದ ಮಂಗನಿಗೂ ಅದೇ ದಾರಿ

2025ರ ಮೇ ತಿಂಗಳಲ್ಲಿ ಚಿಂಪಾಂಜಿಗಳ ಬಗ್ಗೆ ಒಂದು ಸುದ್ದಿ ಎಲ್ಲ ಕಡೆ ಓಡಾಡಿತು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್ ದೇಶದ ತಾಯ್ ಕಾಡಿನಲ್ಲಿ 53 ಚಿಂಪಾಂಜಿಗಳ ನಾಲ್ಕು ಸಾವಿರಕ್ಕೂ ಮಿಕ್ಕಿದ ಕೂಗುಗಳನ್ನು ಪರಿಶೀಲಿಸಿದ ಸಂಶೋಧಕರು, ಅವು ಎರಡೆರಡು ಕೂಗುಗಳನ್ನು ಜೋಡಿಸಿ ಅರ್ಥವನ್ನು ಬದಲಿಸುತ್ತವೆ ಎಂದರು. ತಲೆಬರಹಕ್ಕೆ ಬರುವಾಗ ಅದು 'ಚಿಂಪಾಂಜಿಗಳೂ ಮಾತಾಡುತ್ತವೆ' ಎಂದಾಗಿತ್ತು. ಇತ್ತ ಕಾಸರಗೋಡಿನ ಗಡಿ ಪಂಚಾಯತುಗಳಲ್ಲಿ, ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ, ಕಾರಡ್ಕದ ಕಡೆ, ಮಂಗನ ವಿಷಯ ಬಂದರೆ ಮಾತೆಲ್ಲ ಹಾಳಾದ ಎಳೆ ಅಡಿಕೆ, ಎಳನೀರಿನ ಬೊಂಡ, ಬಾಳೆಗೊನೆಯದ್ದೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯಿಂದ ನಮ್ಮ ಮಾಮೂಲಿ ಮಂಗ, ಅಂದರೆ ಬಾನೆಟ್ ಮಕಾಕ್, ಅತಿ ಹೆಚ್ಚು ರಕ್ಷಣೆ ಇರುವ ಒಂದನೇ ಪರಿಚ್ಛೇದಕ್ಕೆ ಏರಿತು. ಅದನ್ನು ಅಲ್ಲಿಂದ ಇಳಿಸಬೇಕು ಎಂಬುದು ಕೇರಳ ಸರಕಾರದ ಬೇಡಿಕೆ.

ಎರಡೂ ಚರ್ಚೆಗಳ ಅಡಿಯಲ್ಲಿರುವ ಪ್ರಶ್ನೆ ಒಂದೇ: ಪ್ರಾಣಿ ಏನು ಮಾಡಿತು, ಯಾಕೆ ಮಾಡಿತು ಎಂದು ನಮಗೆ ಗೊತ್ತಾಗುವುದು ಹೇಗೆ? ಚಿಂಪಾಂಜಿಯ ವಿಷಯದಲ್ಲಿ ಇದಕ್ಕೆ 65 ವರ್ಷಗಳಿಂದ ಪೆಟ್ಟು ತಿಂದು ತಿದ್ದಿಕೊಂಡ ಕ್ರಮವೊಂದಿದೆ. ನಮ್ಮ ತೋಟದ ಮಂಗನ ವಿಷಯದಲ್ಲಿ ಇರುವುದು ಹೆಚ್ಚಾಗಿ ಅಂದಾಜು. ಆ ಕ್ರಮದ ಅರ್ಧಪಾಲಾದರೂ ಇಲ್ಲಿಗೆ ತರಬಹುದು, ಅದಕ್ಕೆ ದೊಡ್ಡ ಖರ್ಚಿಲ್ಲ.

ಮೊದಲು ಆ ಸುದ್ದಿಯನ್ನೇ ಬಿಡಿಸೋಣ. ತಾಯ್ ಕಾಡಿನ ತಂಡ 2022ರಲ್ಲೇ ಒಂದು ಲೆಕ್ಕ ಕೊಟ್ಟಿತ್ತು: 46 ವಯಸ್ಕ ಚಿಂಪಾಂಜಿಗಳ 4,826 ಧ್ವನಿಮುದ್ರಣಗಳಲ್ಲಿ 12 ಬಗೆಯ ಬಿಡಿ ಕೂಗುಗಳು, ಅವುಗಳ 390 ಬೇರೆ ಬೇರೆ ಸರಣಿಗಳು. ಮೂರು ವರ್ಷ ಬಿಟ್ಟು ಬಂದ ಲೇಖನ, ಎರಡು ಕೂಗು ಸೇರಿದಾಗ ಏನಾಗುತ್ತದೆ ಎಂದು ನೋಡಿತು. ಕೆಲವು ಜೋಡಿಗಳಲ್ಲಿ ಎರಡೂ ಅರ್ಥ ಕೂಡಿಕೊಳ್ಳುತ್ತವೆ. ಕೆಲವಲ್ಲಿ ಒಂದು ಇನ್ನೊಂದರ ಗೊಂದಲವನ್ನು ಕಳೆಯುತ್ತದೆ. ಇನ್ನು ಕೆಲವಲ್ಲಿ ಎರಡಕ್ಕೂ ಸೇರದ ಮೂರನೆಯದೇ ಒಂದು ಹುಟ್ಟುತ್ತದೆ: ವಿಶ್ರಾಂತಿಯ ಹೊತ್ತಿನ ಕೂಗು, ಒಡನಾಟದ ಕೂಗು ಒಟ್ಟಾದರೆ ರಾತ್ರಿಯ ಗೂಡು ಕಟ್ಟುವ ಹೊತ್ತಿನ ಕೂಗು ಆದ ಹಾಗೆ. ಇಲ್ಲಿ 'ಅರ್ಥ' ಎಂದರೆ ಆ ಕೂಗು ಬಂದಾಗ ಅಲ್ಲಿ ಏನು ನಡೆಯುತ್ತಿತ್ತು ಎಂಬುದರ ದಾಖಲೆ. ಕೇಳಿದ ಚಿಂಪಾಂಜಿ ಅದನ್ನು ಹಾಗೆಯೇ ತಿಳಿದುಕೊಂಡಿತೇ ಎಂಬುದು ಬೇರೆ ಪ್ರಶ್ನೆ. ತಲೆಬರಹ ಬರೆಯುವವರು ಎಡವುವುದು ಇಲ್ಲೇ.

ಇಂಥ ಒಂದು ದಾಖಲೆ ಸಿಗಬೇಕಾದರೆ ಪ್ರಾಣಿ ಮನುಷ್ಯನನ್ನು ಲೆಕ್ಕಕ್ಕಿಡದೆ ತನ್ನ ಪಾಡಿಗೆ ತಾನಿರಬೇಕು. ಅದಕ್ಕೆ ಒಂದು ಗುಂಪನ್ನು ರೂಢಿ ಮಾಡಿಸಲು ಹಲವು ವರ್ಷ ಬೇಕು. ತಾಯ್‌ನಲ್ಲಿ ಕ್ರಿಸ್ಟೋಫ್ ಬೋಶ್ 1979ರಲ್ಲಿ ಕೆಲಸ ಶುರುಮಾಡಿ, ಹತ್ತಿರದಿಂದ ನೋಡಲು ಐದು ವರ್ಷ ಕಾದರು. ಕ್ರಮ ಸರಳ, ಆದರೆ ಬೇಸರ ಹಿಡಿಸುವಂಥದ್ದು. ಬೆಳಕು ಹರಿಯುವ ಮೊದಲೇ ಹಿಂದಿನ ರಾತ್ರಿಯ ಗೂಡಿನ ಮರದ ಹತ್ತಿರ ತಲುಪಬೇಕು. ದಿನವೂ ಒಂದೇ ಬಣ್ಣದ ಬಟ್ಟೆ, ಅವೇ ನಾಲ್ಕು ಮುಖಗಳು. ಅಡಗಿ ಕೂರಬಾರದು, ಅಡಗುವುದು ಬೇಟೆಗಾರನ ಲಕ್ಷಣ. ಅವು ಓಡಿದರೆ ಬೆನ್ನು ಹತ್ತಬಾರದು. ಮೊದಲ ಸಲ ಕಂಡಾಗ ಅವು ಏನು ಮಾಡಿದವು, ಎಷ್ಟು ನಿಮಿಷ ಕಣ್ಣೆದುರು ಇದ್ದವು ಎಂದು ದಿನವೂ ಬರೆದಿಡಬೇಕು. ಆ ನಿಮಿಷಗಳು ತಿಂಗಳಿಂದ ತಿಂಗಳಿಗೆ ಹೆಚ್ಚುತ್ತಿದ್ದರೆ ಕೆಲಸ ಸಾಗುತ್ತಿದೆ ಎಂದರ್ಥ.

ಇದಕ್ಕೊಂದು ಅಡ್ಡದಾರಿ ಇತ್ತು, ತಿಂಡಿ ಹಾಕುವುದು. 1960ರ ಜುಲೈಯಲ್ಲಿ ಟಾಂಜಾನಿಯದ ಗೊಂಬೆಗೆ ಬಂದ ಜೇನ್ ಗುಡಾಲ್ ಕೆಲವೇ ವರ್ಷಗಳಲ್ಲಿ ಬಾಳೆಹಣ್ಣಿನ ಪೆಟ್ಟಿಗೆಗಳನ್ನಿಟ್ಟರು. ಚಿಂಪಾಂಜಿಗಳು ಹತ್ತಿರ ಬಂದವು, ಚಿತ್ರಗಳು ಸಿಕ್ಕವು. ಜೊತೆಗೆ ಬಬೂನ್‌ಗಳೂ ಬಂದವು, ಹಣ್ಣಿಗಾಗಿ ಕಾದು ಕುಳಿತ ಗಂಡುಗಳ ನಡುವೆ ಜಗಳ ಹೆಚ್ಚಿತು. ರಿಚರ್ಡ್ ರ‍್ಯಾಂಗಮ್ 1974ರಲ್ಲಿ ಇದನ್ನು ಅಂಕಿಗಳಲ್ಲಿ ತೋರಿಸಿದರು. ಅದೇ ವರ್ಷ ಗೊಂಬೆಯಲ್ಲಿ ಎರಡು ಗುಂಪುಗಳ ನಡುವೆ ಶುರುವಾಗಿ 1978ರ ತನಕ ನಡೆದ ಕೊಲೆಸರಣಿಗೂ ಬಾಳೆಹಣ್ಣೇ ಕಾರಣವೇ ಎಂಬ ವಾದ ದಶಕಗಳ ಕಾಲ ನಡೆಯಿತು. ತಿಂಡಿ ಹಾಕದ ಕಾಡುಗಳಲ್ಲೂ ಅಂಥ ಕೊಲೆಗಳು ಕಂಡ ಮೇಲೆ ಆ ವಾದದ ಬಿಸಿ ತಗ್ಗಿತು. ಆದರೂ ತಿಂಡಿ ಹಾಕಿ ಪಡೆದ ಮಾಹಿತಿಯ ಮೇಲಿನ ಅನುಮಾನ ಪೂರ್ತಿ ಹೋಗಲಿಲ್ಲ. ಈಗ ಯಾವ ಹೊಸ ಅಧ್ಯಯನ ಕೇಂದ್ರವೂ ಆ ದಾರಿಗೆ ಹೋಗುವುದಿಲ್ಲ.

ನಮ್ಮ ಜಿಲ್ಲೆಯ ತೆಂಕು ತುದಿಯಲ್ಲಿ, ತೃಕ್ಕರಿಪುರದ ಹತ್ತಿರದ ಇಡಯಿಲಕ್ಕಾಡ್ ಕಾವಿನಲ್ಲಿ, ಅಂದರೆ ದೇವರ ಕಾಡಿನಲ್ಲಿ, ಓಣಂ ಸಮಯಕ್ಕೆ ಮಂಗಗಳಿಗೆ ಎಲೆ ಹಾಕಿ ಹಬ್ಬದೂಟ ಬಡಿಸುವ ಕ್ರಮವಿದೆ. ಅದು ಊರವರ ಪ್ರೀತಿ, ಅದರಲ್ಲಿ ತಪ್ಪು ಹುಡುಕುವ ಇರಾದೆ ಇಲ್ಲಿಲ್ಲ. ಆದರೆ ಮಂಗಗಳ ಸಹಜ ನಡವಳಿಕೆ ತಿಳಿಯಬೇಕಿದ್ದರೆ ಎಲೆಯ ಮುಂದೆ ಕೂತ ಮಂಗನನ್ನು ನೋಡಬಾರದು. ಮನುಷ್ಯನಿಂದ ತಿಂಡಿ ಸಿಗುವಲ್ಲಿ ಮಂಗನ ಸನ್ನೆಯೇ ಬದಲಾಗುತ್ತದೆ ಎಂಬುದಕ್ಕೆ ಬಂಡೀಪುರದಲ್ಲೇ ಸಾಕ್ಷಿ ಇದೆ. ಪ್ರವಾಸಿಗರ ಕೈಯಲ್ಲಿ ತಿಂಡಿ ಕಂಡ ಅಲ್ಲಿಯ ಮಂಗಗಳು ಕೈ ಚಾಚಿ, 'ಕೂ' ಎಂದು ಮೆಲ್ಲಗೆ ಕೂಗಿ, ಮುಖ ನೋಡಿ ಕಾಯುತ್ತವೆ. ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು 2018ರಲ್ಲಿ ಇದನ್ನು ಉದ್ದೇಶಪೂರ್ವಕ ಸಂವಹನ ಎಂದು ದಾಖಲಿಸಿದರು.

ರೂಢಿ ಮಾಡಿಸುವುದರ ಇನ್ನೊಂದು ಬೆಲೆ ರೋಗ. ಮನುಷ್ಯನಿಗೆ ಬರಿಯ ನೆಗಡಿ ತರುವ ವೈರಸ್ ಚಿಂಪಾಂಜಿಯನ್ನು ಕೊಲ್ಲಬಲ್ಲದು. 1999ರಿಂದ 2006ರ ನಡುವೆ ತಾಯ್‌ನಲ್ಲಿ ಉಸಿರಾಟದ ಕಾಯಿಲೆಯಿಂದ ಸತ್ತವುಗಳಲ್ಲಿ ಮನುಷ್ಯರ ವೈರಸ್‌ಗಳೇ ಸಿಕ್ಕಿದವು. ಉಗಾಂಡದ ಕಿಬಾಲೆಯಲ್ಲಿ 2013ರಲ್ಲಿ 56 ಚಿಂಪಾಂಜಿಗಳ ಗುಂಪೊಂದರಲ್ಲಿ ಐದು ಸತ್ತದ್ದು ರೈನೋವೈರಸ್‌ನಿಂದ. ಹಾಗಾಗಿ ಮಾಸ್ಕ್, 7ರಿಂದ 10 ಮೀಟರ್ ಅಂತರ, ಹೊರಗಿನಿಂದ ಬಂದವರಿಗೆ ಕೆಲವು ದಿನ ಪ್ರತ್ಯೇಕ ವಾಸ, ಕಾಡಿನೊಳಗೆ ಉಗುಳದಿರುವುದು ಇವೆಲ್ಲ ಈಗ ಕಡ್ಡಾಯ. ನಮ್ಮ ಕಡೆ ಅಪಾಯ ಎದುರು ದಿಕ್ಕಿನಿಂದಲೂ ಬರಬಹುದು. ಮಂಗ ಸತ್ತು ಬಿದ್ದಲ್ಲಿ ಉಣ್ಣಿಗಳಿಂದ ಹರಡುವ ಮಂಗನ ಕಾಯಿಲೆಯನ್ನು ಶಿವಮೊಗ್ಗದಲ್ಲಿ 1957ರಲ್ಲಿ ಗುರುತಿಸಿದರು, ಅದು ವಯನಾಡಿಗೂ ಬಂದಿದೆ. ಸತ್ತ ಮಂಗನನ್ನು ಮುಟ್ಟದೆ ಅರಣ್ಯ ಇಲಾಖೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸುವುದು ಯಾವ ಅಧ್ಯಯನಕ್ಕಿಂತಲೂ ಮೊದಲ ಕೆಲಸ.

ಇನ್ನು ಗುರುತು. ಗುಂಪಿನ ಪ್ರತಿಯೊಂದನ್ನೂ ಬಿಡಿಯಾಗಿ ಗುರುತಿಸಲಾಗದಿದ್ದರೆ ಮುಂದಿನ ಯಾವ ಲೆಕ್ಕಕ್ಕೂ ಬೆಲೆ ಇಲ್ಲ. ಹರಿದ ಕಿವಿ, ಉರುಳಿಗೆ ಸಿಕ್ಕಿ ಹೋದ ಬೆರಳು, ಹುಬ್ಬಿನ ಆಕಾರ, ಬೊಕ್ಕತಲೆ, ಇವನ್ನೆಲ್ಲ ಎರಡೂ ಬದಿಯ ಚಿತ್ರಗಳೊಂದಿಗೆ ಪುಸ್ತಕದಲ್ಲಿಟ್ಟು, ಹೊಸಬರಿಗೆ ಪರೀಕ್ಷೆ ಮಾಡಿಯೇ ಕೆಲಸಕ್ಕೆ ಬಿಡುತ್ತಾರೆ. ಹೀಗೆ ಮುಖಗಳನ್ನು ನೋಡುತ್ತ ಹೋದವರಿಗೆ ಕಿಬಾಲೆಯ ಸೆಬಿಟೋಲಿ ಭಾಗದಲ್ಲಿ ಸುಮಾರು ಕಾಲುಭಾಗದಷ್ಟು ಚಿಂಪಾಂಜಿಗಳ ಮುಖದಲ್ಲಿ ವಿಕಾರ ಕಂಡಿತು, ಮೂಗಿನ ಹೊಳ್ಳೆ ಕುಗ್ಗಿದವು, ತುಟಿ ಸೀಳಿದವು. ಸುತ್ತಲಿನ ಜೋಳದ ಗದ್ದೆ, ಚಹಾ ತೋಟಗಳ ಕೀಟನಾಶಕದ ಮೇಲೆ ಸಂಶಯವಿದೆ ಎಂದು 2017ರಲ್ಲಿ ಅವರು ಬರೆದರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ಎಣ್ಮಕಜೆಯ ಪಡ್ರೆ, ಸ್ವರ್ಗ ಊರುಗಳ ಜನಕ್ಕೆ ಈ ಸಾಲನ್ನು ವಿವರಿಸಬೇಕಾಗಿಲ್ಲ.

ನೋಡಿದ್ದನ್ನು ಬರೆಯುವುದಕ್ಕೂ ಕ್ರಮವಿದೆ. ಜೀನ್ ಆಲ್ಟ್‌ಮನ್ 1974ರಲ್ಲಿ ಇಟ್ಟ ಚೌಕಟ್ಟನ್ನೇ ಇಂದಿಗೂ ಬಳಸುವುದು. ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದರೆ ಜಗಳ, ಬೇಟೆ, ಗದ್ದಲ ಮಾತ್ರ ಪುಸ್ತಕ ತುಂಬುತ್ತವೆ. ಸುಮ್ಮನೆ ಕೂತ ಹೆಣ್ಣು, ಮೂಲೆಯಲ್ಲಿ ತಿನ್ನುವ ಮರಿ ಲೆಕ್ಕಕ್ಕೇ ಸಿಗುವುದಿಲ್ಲ. ಅದಕ್ಕೆ ಆ ದಿನ ಯಾರನ್ನು ಹಿಂಬಾಲಿಸಬೇಕು ಎಂದು ಮುಂಚೆಯೇ ನಿಶ್ಚಯಿಸಿ, ಅದು ಏನೂ ಮಾಡದಿದ್ದರೂ ಅದನ್ನೇ ನೋಡಬೇಕು. ಇಡೀ ಗುಂಪಿನ ಚಿತ್ರ ಬೇಕಿದ್ದರೆ 15 ನಿಮಿಷಕ್ಕೊಮ್ಮೆ ಗಡಿಯಾರ ನೋಡಿ, ಆ ಕ್ಷಣ ಯಾರ್ಯಾರು ಏನು ಮಾಡುತ್ತಿದ್ದಾರೆ ಎಂದು ಗುರುತು ಹಾಕಬೇಕು.

ಧ್ವನಿಮುದ್ರಣದಲ್ಲಿ ಹೊಸಬರು ಕೆಡಿಸುವುದು ಎರಡು ಕಡೆ. ಒಂದು, ರೆಕಾರ್ಡರಿನ ಸ್ವಯಂಚಾಲಿತ ಮಟ್ಟವನ್ನು ಬಂದ್ ಮಾಡದೇ ಬಿಡುವುದು. ಅದು ಸಣ್ಣ ಸದ್ದನ್ನು ಏರಿಸಿ, ದೊಡ್ಡದನ್ನು ಇಳಿಸಿ ಎಲ್ಲವನ್ನೂ ಒಂದೇ ಎತ್ತರಕ್ಕೆ ತರುತ್ತದೆ; ಕೂಗು ಎಷ್ಟು ಜೋರಿತ್ತು ಎಂಬ ಮಾಹಿತಿ ಅಲ್ಲಿಗೆ ಹೋಯಿತು. ಮಟ್ಟವನ್ನು ಕೈಯಲ್ಲೇ ಇಡಬೇಕು, ಅದೂ ತಗ್ಗಿಸಿ. ಚಿಂಪಾಂಜಿಯ ದೂರದ ಕೂಗು ಮೆಲ್ಲಗೆ ಶುರುವಾಗಿ, ಏದುಸಿರಿನೊಂದಿಗೆ ಏರಿ, ಕಿರುಚಾಟಕ್ಕೆ ಮುಟ್ಟಿ, ಮತ್ತೆ ಇಳಿಯುತ್ತದೆ. ಶುರುವಿನ ಮೆಲುದನಿಗೆ ಮಟ್ಟ ಇಟ್ಟರೆ ಕಿರುಚುವ ಭಾಗ ಪೂರ್ತಿ ಸೀಳಿಹೋಗುತ್ತದೆ. ಎರಡನೆಯದು, ಕೂಗು ಮುಗಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸುವುದು. ಬೇಕಾದದ್ದು ಅದರ ನಂತರ ಬರುತ್ತದೆ: ಯಾರು ಓಗೊಟ್ಟರು, ಯಾರು ತಲೆ ಎತ್ತಿದರು, ಯಾರು ಎದ್ದು ಹೋದರು. ಎಲ್ಲ ತಣ್ಣಗಾದ ಮೇಲೆ ಅದೇ ಕಡತದ ಕೊನೆಗೆ ಹೆಸರು, ಸಮಯ, ದೂರ, ಸಂದರ್ಭವನ್ನು ಮೆಲುದನಿಯಲ್ಲಿ ಹೇಳಿಟ್ಟರೆ ಸಂಜೆ ತಲೆಕೆರೆದುಕೊಳ್ಳುವುದು ತಪ್ಪುತ್ತದೆ. ಏಕದಿಕ್ಕಿನ ಉದ್ದ ಮೈಕ್, ಅದಕ್ಕೆ ತುಪ್ಪಳದ ಗಾಳಿತಡೆ, ಒತ್ತಿ ಕುಗ್ಗಿಸದ ವೇವ್ ಕಡತ, ಕಿವಿಗೆ ಹೆಡ್‌ಫೋನ್, ಇಷ್ಟಿದ್ದರೆ ಸಾಕು. ಜೀರುಂಡೆಯ ಗೋಡೆಯಂಥ ಸದ್ದಿಗೆ ಮಾತ್ರ ಯಾವ ಮೈಕೂ ಮದ್ದಲ್ಲ.

ಲೆಕ್ಕ ಹಾಕುವಾಗ ಇನ್ನೊಂದು ಮೋಸ ಕಾದಿರುತ್ತದೆ. 4,826 ಮುದ್ರಣ ಎಂದರೆ 4,826 ಸಾಕ್ಷಿಗಳಲ್ಲ, 46 ಸಾಕ್ಷಿಗಳು. ಒಬ್ಬನೇ ಸಾವಿರ ಓಟು ಒತ್ತಿದರೆ ಸಾವಿರ ಮತದಾರರಾಗುವುದಿಲ್ಲವಲ್ಲ. ಯಾವುದೇ ಅಧ್ಯಯನದ ಸುದ್ದಿ ಓದುವಾಗ ಎಷ್ಟು ಕೂಗು ಎಂಬುದಕ್ಕಿಂತ ಎಷ್ಟು ಪ್ರಾಣಿ, ಎಷ್ಟು ಗುಂಪು ಎಂದು ಮೊದಲು ನೋಡಬೇಕು.

ಸನ್ನೆಗಳ ಅಧ್ಯಯನದಲ್ಲಿ ಅರ್ಥ ಹಿಡಿಯಲು ಒಂದು ಚೊಕ್ಕ ಉಪಾಯ ಸಿಕ್ಕಿತು. ಉಗಾಂಡದ ಬುಡೊಂಗೊ ಕಾಡಿನಲ್ಲಿ ಕ್ಯಾಥರೀನ್ ಹೋಬೈಟರ್ ಮತ್ತು ರಿಚರ್ಡ್ ಬರ್ನ್ ಕೇಳಿದ್ದು ಇಷ್ಟೇ: ಸನ್ನೆ ಮಾಡಿದವನು ಯಾವಾಗ ಸುಮ್ಮನಾದ? ಒಂದು ಚಿಂಪಾಂಜಿ ಎದುರಿನದರ ಮುಖ ತನ್ನತ್ತ ಇದೆಯೇ ಎಂದು ನೋಡಿ ಕೈ ಚಾಚುತ್ತದೆ, ಕಾಯುತ್ತದೆ, ಏನೂ ಆಗದಿದ್ದರೆ ಮತ್ತೆ ಚಾಚುತ್ತದೆ ಅಥವಾ ಬೇರೆ ಸನ್ನೆ ಮಾಡುತ್ತದೆ. ಎದುರಿನದು ಏನು ಮಾಡಿದಾಗ ಇದು ನಿಂತಿತೋ ಅದೇ ಅದಕ್ಕೆ ಬೇಕಾಗಿದ್ದದ್ದು. 2014ರಲ್ಲಿ ಹೀಗೆ ಹತ್ತಾರು ಸನ್ನೆಗಳಿಗೆ 19 ಅರ್ಥಗಳನ್ನು ಕೊಟ್ಟರು: ಹತ್ತಿರ ಬಾ, ಸರಿ ಆಚೆ, ಮೈ ಹೆಕ್ಕು, ಹೊರಡೋಣ ಎಂಬಂಥವು. ಇಲ್ಲಿ ಸಂಶೋಧಕನ ಊಹೆಗೆ ಜಾಗ ಕಡಿಮೆ, ಉತ್ತರ ಕೊಡುವುದು ಸನ್ನೆ ನೋಡಿದ ಚಿಂಪಾಂಜಿ. ವಿಡಿಯೋವನ್ನು ಇಬ್ಬರು ಬೇರೆ ಬೇರೆಯಾಗಿ ನೋಡಿ ಗುರುತು ಹಾಕಿ, ಇಬ್ಬರದ್ದೂ ಎಷ್ಟು ತಾಳೆಯಾಗುತ್ತದೆ ಎಂದು ಅಳೆಯುತ್ತಾರೆ. ತಾಳೆಯಾಗದ ಸನ್ನೆಯನ್ನು ಪಟ್ಟಿಯಿಂದ ಕಿತ್ತು ಹಾಕಲು ಧೈರ್ಯ ಬೇಕು, ಎಲ್ಲರಿಗೂ ಅದು ಇರುವುದಿಲ್ಲ.

ಕೂಗಿನ ವಿಷಯದಲ್ಲಿ ಇದೇ ಕೆಲಸಕ್ಕೆ ಬುಡೊಂಗೊದಲ್ಲಿ ಹಾವಿನ ಬೊಂಬೆ ಬಳಸಿದರು. 2012ರಲ್ಲಿ ಕ್ಯಾಥರೀನ್ ಕ್ರಾಕ್‌ಫರ್ಡ್ ತಂಡ ಮಂಡಲದ ಹಾವಿನ ಬೊಂಬೆಯೊಂದನ್ನು ಚಿಂಪಾಂಜಿಗಳು ಬರುವ ದಾರಿಯಲ್ಲಿಟ್ಟಿತು. ಮುಂದೆ ಬಂದ ಚಿಂಪಾಂಜಿ ಅದನ್ನು ಕಂಡು ಹಿಂದೆ ಜಿಗಿದು, ಮೆಲ್ಲಗೆ 'ಹೂ' ಎನ್ನುತ್ತದೆ. ಹೆದರಿಕೆಯಿಂದ ತಾನಾಗಿ ಬಂದ ಸದ್ದಾದರೆ ಹಿಂದೆ ಯಾರು ಬರುತ್ತಿದ್ದಾರೆ ಎಂಬುದು ಲೆಕ್ಕಕ್ಕೆ ಬರಬಾರದು. ಆದರೆ ಹಿಂದೆ ಬರುವವರು ಹಾವನ್ನು ನೋಡಿಲ್ಲದಿದ್ದಾಗ, ಮೊದಲ ಎಚ್ಚರಿಕೆ ಅವರ ಕಿವಿಗೂ ಬಿದ್ದಿಲ್ಲದಿದ್ದಾಗ ಕೂಗು ಹೆಚ್ಚು ಬಂತು. ಇದಕ್ಕೂ ಎದುರು ವಾದವಿತ್ತು: ಹೊಸಬರು ಬಂದದ್ದಕ್ಕೇ ಅದು ಉದ್ವೇಗಗೊಂಡು ಕೂಗಿರಬಹುದು. 2017ರಲ್ಲಿ ಅದನ್ನೂ ಪರೀಕ್ಷಿಸಿದರು. ಬೊಂಬೆ ಕಾಣುವ ಮೊದಲು, ಅಡಗಿಸಿಟ್ಟ ಸ್ಪೀಕರಿನಿಂದ ಹತ್ತಿರದಲ್ಲೇ ಇನ್ನೊಂದು ಚಿಂಪಾಂಜಿ ಎಚ್ಚರಿಕೆಯ 'ಹೂ' ಎಂದಂತೆ ಕೇಳಿಸಿದರು, ಇನ್ನು ಕೆಲವು ಸಲ ವಿಶ್ರಾಂತಿಯ 'ಹೂ' ಕೇಳಿಸಿದರು. ಪಕ್ಕದವನಿಗೆ ಹಾವಿನ ವಿಷಯ ಆಗಲೇ ಗೊತ್ತು ಎಂದು ತೋಚಿದಾಗ ಕೂಗು ಕಡಿಮೆಯಾಯಿತು. ಎರಡೂ ಸಲ ಪಕ್ಕದಲ್ಲಿ ಒಬ್ಬ ಇದ್ದ, ಬದಲಾದದ್ದು ಅವನಿಗೆ ಏನು ಗೊತ್ತಿತ್ತು ಎಂಬುದು ಮಾತ್ರ. ಈ ವಿಷಯದಲ್ಲಿ ಬಂದ ಪರೀಕ್ಷೆಗಳಲ್ಲಿ ಇದಕ್ಕಿಂತ ನಯವಾದದ್ದು ಕಡಿಮೆ.

ಸ್ಪೀಕರಿಟ್ಟು ಕೇಳಿಸುವಾಗ ಎಡವಟ್ಟಾಗುವುದು ಸುಲಭ. ಕೂಗಿದ ಪ್ರಾಣಿ ನಿಜವಾಗಿ ಇರಬಹುದಾದ ದಿಕ್ಕಿನಿಂದಲೇ ಸದ್ದು ಬರಬೇಕು. ಕಣ್ಣೆದುರೇ ಕೂತವನ ಕೂಗು ಪೊದೆಯಿಂದ ಬಂದರೆ ಅವು ಬೆಚ್ಚುವುದು ಅಸಂಗತಕ್ಕೆ, ಅರ್ಥಕ್ಕಲ್ಲ. ಜೋರು ಸಹಜ ಕೂಗಿನಷ್ಟೇ ಇರಬೇಕು. ಒಂದೇ ಮುದ್ರಣವನ್ನು ಮತ್ತೆ ಮತ್ತೆ ಹಾಕಿದರೆ ಆ ಒಂದು ಕಡತದ ಬಗ್ಗೆ ಮಾತ್ರ ಏನೋ ಗೊತ್ತಾಗುತ್ತದೆ. ಹೋಲಿಕೆಗೆ ಬೇರೊಂದು ಸದ್ದು ಇರಲೇಬೇಕು. ಒಂದು ಸಲ ಕೇಳಿಸಿದ ಮೇಲೆ ಹಲವು ದಿನ ಸುಮ್ಮನಿರಬೇಕು, ಇಲ್ಲದಿದ್ದರೆ ಅವು ಸದ್ದಿಗೇ ಒಗ್ಗಿಹೋಗುತ್ತವೆ.

ಈ ಕೊನೆಯ ಮಾತು ನೇರ ನಮ್ಮ ತೋಟಗಳಿಗೆ ಬರುತ್ತದೆ. ಹುಲಿಯ ಗರ್ಜನೆ ಹೊರಡಿಸುವ ಪೆಟ್ಟಿಗೆ, ಗರ್ನಾಲು, ಪಿವಿಸಿ ಪೈಪಿನ ಕಾರ್ಬೈಡ್ ಕೋವಿ, ಇವೆಲ್ಲ ಗೊತ್ತುಗುರಿಯಿಲ್ಲದ ಪ್ಲೇಬ್ಯಾಕ್, ಅಂದರೆ ಸದ್ದು ಕೇಳಿಸಿ ನೋಡುವ ಪ್ರಯೋಗಗಳೇ. ಒಂದೇ ಮೂಲೆಯಿಂದ, ದಿನವೂ ಅದೇ ಸದ್ದು, ಹಿಂದೆ ಹುಲಿಯೂ ಇಲ್ಲ, ನಾಯಿಯೂ ಇಲ್ಲ. ಕೆಲವೇ ದಿನಗಳಲ್ಲಿ ಮಂಗ ಪೆಟ್ಟಿಗೆಯ ಪಕ್ಕದ ಮರದಲ್ಲೇ ಕೂತು ಅಡಿಕೆ ಉದುರಿಸಿದರೆ ಆಶ್ಚರ್ಯವಿಲ್ಲ. ಕಾರ್ಬೈಡ್ ಕೋವಿಯದ್ದು ಬೇರೆಯೇ ಅಪಾಯ: ನೀರು ತಾಗಿ ಹುಟ್ಟಿದ ಅನಿಲ ಕೂಡಲೇ ಹೊತ್ತಿಕೊಳ್ಳದಾಗ ಏನಾಯಿತೆಂದು ಪೈಪಿನೊಳಗೆ ಇಣುಕುತ್ತಾರೆ, ಆಗಲೇ ಅದು ಸಿಡಿದು ಕಣ್ಣು ಹೋಗುತ್ತದೆ.

ಅರ್ಥವಿರುವ ಸದ್ದಿಗೆ ಮಂಗ ಬೇರೆಯದೇ ರೀತಿ ಸ್ಪಂದಿಸುತ್ತದೆ ಎಂಬುದೂ ಗೊತ್ತಿರುವ ವಿಷಯವೇ. ಉಮಾ ರಾಮಕೃಷ್ಣನ್ ಮತ್ತು ರಿಚರ್ಡ್ ಕಾಸ್ 2000ರ ಹೊತ್ತಿಗೆ ದಕ್ಷಿಣ ಭಾರತದ ಕಾಡುಗಳಲ್ಲಿ ಬಾನೆಟ್ ಮಂಗಗಳಿಗೆ ಮುಜುವಿನ (ಲಂಗೂರ್) ಮತ್ತು ಕಡವೆಯ ಎಚ್ಚರಿಕೆಯ ಕೂಗು ಕೇಳಿಸಿದರು. ಬೇರೆ ಜಾತಿಯ ಆ ಕೂಗುಗಳಿಗೂ ಮಂಗಗಳು ಓಟ ಕಿತ್ತವು. ಆದರೆ ಇದನ್ನೇ ತೋಟದಲ್ಲಿ ದಿನವೂ ಹಾಕಿದರೆ ಅದರ ಗತಿಯೂ ಹುಲಿಪೆಟ್ಟಿಗೆಯದ್ದೇ.

ಸದ್ದಿನಷ್ಟೇ ಮುಖ್ಯ ಸದ್ದಿಲ್ಲದಿರುವುದು. ಕಿಬಾಲೆಯ ಚಿಂಪಾಂಜಿಗಳು ಹೊಲಕ್ಕೆ ನುಗ್ಗುವಾಗ ಕೂಗುವುದನ್ನು ಕಡಿಮೆ ಮಾಡುತ್ತವೆ ಎಂದು 2007ರಲ್ಲಿ ತೋರಿಸಿದರು. ಸೆಬಿಟೋಲಿಯಲ್ಲಿ ಅವು ರಾತ್ರಿಯಲ್ಲೂ ಜೋಳಕ್ಕೆ ಇಳಿಯುವುದು 2014ರಲ್ಲಿ ಕ್ಯಾಮೆರಾಕ್ಕೆ ಸಿಕ್ಕಿತು. ತೋಟಕ್ಕಿಳಿದ ಮಂಗಗಳ ಹಿಂಡು ಉಸಿರೆತ್ತುವುದಿಲ್ಲ ಎನ್ನುವ ತೋಟದವರ ಮಾತನ್ನು ಹಾಗಾಗಿ ತಳ್ಳಿಹಾಕಬಾರದು, ಅಳೆಯಬೇಕು. ಅಂಚಿನ ಮರದಲ್ಲಿ ಒಂದು ಗಡವ ಕೂತು ಕಾವಲು ಕಾಯುತ್ತದೆ ಎಂಬ ಮಾತಿಗೆ ಮಾತ್ರ ಹಾವಿನ ಪರೀಕ್ಷೆಯ ಒರೆಗಲ್ಲು ಬೇಕು. ಎತ್ತರದಲ್ಲಿ ಕೂತದ್ದಷ್ಟೇ ಕಾವಲಲ್ಲ. ಕೆಳಗಿನವುಗಳಿಗೆ ಮನುಷ್ಯ ಕಾಣದಾಗ ಅದು ಹೆಚ್ಚು ಕೂಗುತ್ತದೆಯೇ, ಅವು ಆಗಲೇ ಕಂಡಿದ್ದರೆ ಸುಮ್ಮನಿರುತ್ತದೆಯೇ, ಇದನ್ನು ಬರೆದಿಟ್ಟವರು ಬೇಕು.

ಬರೆಯುವುದು ಹೇಗೆಂದರೆ: ಎಣಿಕೆಗೆ ಹಿಂಡು ಮರದ ಮೇಲಿರುವಾಗ ಕೈ ಹಾಕಬೇಡಿ, ಎಲೆಮರೆಯಲ್ಲಿ ಒಂದನ್ನೇ ಮೂರು ಸಲ ಎಣಿಸುತ್ತೀರಿ. ಅವು ರಸ್ತೆಯನ್ನೋ ತೋಡನ್ನೋ ಸಾಲಾಗಿ ದಾಟುವ ಜಾಗ ಹುಡುಕಿ, ಅಲ್ಲಿ ಮೊಬೈಲಿನಲ್ಲಿ ಚಿತ್ರೀಕರಿಸಿ, ಮನೆಯಲ್ಲಿ ನಿಲ್ಲಿಸಿ ನಿಲ್ಲಿಸಿ ಎಣಿಸಿ: ಗಡವಗಳು, ಹೆಣ್ಣುಗಳು, ಹೊಟ್ಟೆಗೆ ಅಂಟಿಕೊಂಡ ಮರಿಗಳು ಬೇರೆ ಬೇರೆ. ಪಕ್ಕದ ತೋಟದವರೂ ಅದೇ ದಿನ ಎಣಿಸಿ, ಕಿವಿ ಹರಿದದ್ದು, ಬಾಲ ಮೊಂಡಾದದ್ದು ಇತ್ತೇ ಎಂದು ತಾಳೆ ನೋಡಿದರೆ ಎರಡು ಹಿಂಡೋ ಒಂದೇ ಹಿಂಡೋ ಎಂದು ಇತ್ಯರ್ಥವಾಗುತ್ತದೆ.

ಓಡಿಸುವ ಉಪಾಯದ ಪರೀಕ್ಷೆಗೆ ಒಂದು ನಿಯಮ ಮುಖ್ಯ. ಇವತ್ತು ಪೆಟ್ಟಿಗೆಯೋ, ನಾಯಿ ಹಿಡಿದ ಮನುಷ್ಯನೋ ಎಂದು ಮಂಗ ಬರುವ ಮೊದಲೇ, ಬೆಳಿಗ್ಗೆ ನಾಣ್ಯ ಚಿಮ್ಮಿ ತೀರ್ಮಾನಿಸಬೇಕು. ಉಪಟಳ ಹೆಚ್ಚಾದ ದಿನ ಮಾತ್ರ ಪೆಟ್ಟಿಗೆ ತೆಗೆದರೆ ಪೆಟ್ಟಿಗೆಯ ದಿನಗಳೆಲ್ಲ ಕೆಟ್ಟ ದಿನಗಳೇ ಆಗಿ ಲೆಕ್ಕ ತಲೆಕೆಳಗಾಗುತ್ತದೆ. ಪೆಟ್ಟಿಗೆಯನ್ನು ಮನುಷ್ಯ ಕಾಣದ ಹಾಗೆ ದೂರದಿಂದಲೇ ಚಾಲೂ ಮಾಡಬೇಕು, ಇಲ್ಲದಿದ್ದರೆ ಮಂಗ ಓಡಿದ್ದು ಸದ್ದಿಗೋ ನಿಮಗೋ ಎಂದು ಗೊತ್ತಾಗದು. ಪುಸ್ತಕದಲ್ಲಿ ಆರು ಕಲಂ ಸಾಕು: ಮೊದಲು ಕಂಡ ಸಮಯ, ಬಂದ ದಿಕ್ಕು, ಎಷ್ಟು, ಯಾವ ಉಪಾಯ, ಕೊನೆಯ ಮಂಗ ತೋಟ ಬಿಡಲು ಹಿಡಿದ ನಿಮಿಷ, ಮತ್ತೆ ಬಂದ ಸಮಯ. ಬಣ್ಣ ಹಚ್ಚಿ ಗುರುತು ಮಾಡಿದ ಇಪ್ಪತ್ತು ಮರಗಳ ಬುಡದಲ್ಲಿ ಬಿದ್ದ ಕಾಯಿಯನ್ನು ದಿನವೂ ಸಂಜೆ ಹೆಕ್ಕಿ ಎಣಿಸಿ. ಹಲ್ಲಿನ ಗುರುತಿರುವುದು ಬೇರೆ, ರೋಗದಿಂದ ಉದುರಿದ ನಳ್ಳಿ (ಎಳೆ ಕಾಯಿ) ಬೇರೆ. ಮಳೆಗಾಲದಲ್ಲಿ ಮಹಾಳಿಯ (ಕೊಳೆರೋಗ) ಉದುರುವಿಕೆಯನ್ನೂ ಮಂಗನ ತಲೆಗೆ ಕಟ್ಟುವುದು ಸಾಮಾನ್ಯ.

ಒಂದೊಂದು ಉಪಾಯಕ್ಕೆ ಇಪ್ಪತ್ತು ಭೇಟಿಗಳಾದರೂ ಆಗುವ ತನಕ ತೀರ್ಪು ಕೊಡಬಾರದು. ಮೊದಲ ವಾರ ಐದು ನಿಮಿಷಕ್ಕೆ ಓಡಿದ ಹಿಂಡು ನಾಲ್ಕನೇ ವಾರ ಅರ್ಧ ಗಂಟೆ ಕೂತರೆ ಅದು ಸದ್ದಿಗೆ ಒಗ್ಗಿದೆ. ಪೆಟ್ಟಿಗೆಗೆ ಸಬ್ಸಿಡಿ ಕೇಳುವ ಮೊದಲು ಪಂಚಾಯತಿನಲ್ಲಿ ಇಡಬೇಕಾದ ಕಾಗದ ಇದು. ಬಾನೆಟ್ ಮಂಗ ಯಾವ ಪರಿಚ್ಛೇದದಲ್ಲಿರಬೇಕು ಎಂದು ವಾದಿಸುವ ಎರಡೂ ಕಡೆಯವರು ಇದನ್ನು ನೋಡಬೇಕು, ಯಾಕೆಂದರೆ ಕೃಷಿಕ ಉಪಟಳ ಹೆಚ್ಚಾಯಿತು ಎನ್ನುವ ಇದೇ ಕಾಲದಲ್ಲಿ ಈ ಜಾತಿ 2020ರಿಂದ ಜಾಗತಿಕ ಕೆಂಪು ಪಟ್ಟಿಯಲ್ಲಿ ಅಪಾಯಕ್ಕೊಳಗಾಗಬಲ್ಲ (ವಲ್ನರಬಲ್) ವರ್ಗದಲ್ಲಿದೆ. ತೋಟದಲ್ಲಿ ಮಂಗ ಹೆಚ್ಚಾಗಿ, ಒಟ್ಟಿನಲ್ಲಿ ಕಡಿಮೆಯಾಗಿರುವುದು ಸಾಧ್ಯ; ದಿನಾಂಕವಿರುವ ಎಣಿಕೆ ಹತ್ತಾರು ತೋಟಗಳಿಂದ ಬಾರದೆ ಅದು ಹೌದೋ ಅಲ್ಲವೋ ಎಂದು ಯಾರೂ ಹೇಳಲಾರರು.